ಹೊಸದಾಗಿ ಕ್ರಾಫ್ಟ್ ಬಿಯರ್ ರುಚಿ ನೋಡುವವರಿಗೆ: ಮಲೆನಾಡಿನ ಅಡುಗೆಮನೆಯಿಂದ ಮೈಕ್ರೋಬ್ರೂವರಿಯವರೆಗೆ ಹಂತ ಹಂತವಾಗಿ

ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಪ್ರಮಾಣದಲ್ಲಿ ರುಚಿಗೆ ಒತ್ತು ಕೊಟ್ಟು ತಯಾರಿಸುವ ಬಿಯರ್, ಏನೆಂದು ತಿಳಿಯುವ ಆಸೆಯಿಂದ ಹೊರಟ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಎಷ್ಟೋ ಮಂದಿ ಒಂದೇ ಕಡೆ ಎಡವುವುದನ್ನು ಕಂಡಿದ್ದೇನೆ. ಹಸಿದ ಹೊಟ್ಟೆಯಲ್ಲಿ ಬಾರಿಗೆ ಹೋಗಿ, ಜೊತೆಗಿದ್ದವರು ತರಿಸಿದ 650 ಮಿ.ಲೀ. ಸ್ಟ್ರಾಂಗ್ ಬಾಟಲಿಯನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕುಡಿದು, ಮರುದಿನ ತಲೆನೋವಿನೊಂದಿಗೆ ಎದ್ದು, ಬಿಯರ್ ಎಂದರೆ ಬರೀ ಕಹಿ ಎಂದು ತೀರ್ಮಾನಿಸುತ್ತಾರೆ. ಇನ್ನು ಕೆಲವರು ಬಿಯರನ್ನು ಅಲ್ಲಿಯೇ ತಯಾರಿಸಿ ಬಡಿಸುವ ಬೆಂಗಳೂರಿನ ಮೈಕ್ರೋಬ್ರೂವರಿಗೆ ಹೋದಾಗ, ಹೆಸರು ಕೇಳಿದ್ದೇವೆಂಬ ಒಂದೇ ಕಾರಣಕ್ಕೆ ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಬಲು ಕಹಿಯ ಬಗೆಯಿಂದ ಆರಂಭಿಸಿ ಅದೇ ತೀರ್ಮಾನಕ್ಕೆ ಬರುತ್ತಾರೆ. ಇವರ ನಾಲಿಗೆಯಲ್ಲಿ ಯಾವ ದೋಷವೂ ಇಲ್ಲ. ಯಾವುದರ ನಂತರ ಯಾವುದು, ಎಷ್ಟು, ಎಷ್ಟು ತಂಪಿನಲ್ಲಿ ಎಂಬ ಮೂರನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಈ ಬರಹದ ಕೆಲಸ ಅದಿಷ್ಟೇ.

## ಹಂತ 1: ಆರಂಭಿಸಬೇಕೇ ಬೇಡವೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ

ಕರ್ನಾಟಕದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆ ವಯಸ್ಸಿನ ಕೆಳಗಿನವರು ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದು. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ಮೂರ್ಛೆರೋಗದ, ನಿದ್ರೆಯ ಅಥವಾ ಮಾನಸಿಕ ಆರೋಗ್ಯದ ಮಾತ್ರೆ ನುಂಗುತ್ತಿರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಂದು ಗುಟುಕನ್ನೂ ಕುಡಿಯಬಾರದು. ಹೊಟ್ಟೆಯ ಸೋಂಕಿಗೂ ಹಲ್ಲಿನ ಸೋಂಕಿಗೂ ಕೊಡುವ ಮೆಟ್ರೋನಿಡಜೋಲ್ ಮಾತ್ರೆಯ ಜೊತೆ ಮದ್ಯ ಸೇರಿದರೆ ತೀವ್ರ ವಾಂತಿ ಮತ್ತು ಎದೆಬಡಿತ ಬರುವ ಸಾಧ್ಯತೆ ಇರುವುದರಿಂದ, ಮಾತ್ರೆ ಮುಗಿದ ಮೇಲೂ ಕೆಲವು ದಿನ ಬಿಡುವು ಕೊಡಬೇಕು. ಬಾರ್ಲಿ ಮತ್ತು ಗೋಧಿ ಎರಡರಲ್ಲೂ ಗ್ಲುಟೆನ್ ಇರುವುದರಿಂದ ಅದು ಒಗ್ಗದವರಿಗೂ ಬಿಯರ್ ಸಲ್ಲದು. ಮನೆತನದಲ್ಲಿ ಕುಡಿತದ ಚಟ ನಡೆದುಬಂದಿದ್ದರೆ ನಿಮಗೂ ಆ ಅಪಾಯ ಹೆಚ್ಚು.

ಇಷ್ಟನ್ನೂ ದಾಟಿದವರೂ ಒಂದು ಮಾತನ್ನು ನೆನಪಿಡಬೇಕು. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಪೂರ್ತಿ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಈವರೆಗೆ ಕುಡಿಯದವರು ಹಾಗೆಯೇ ಉಳಿದರೆ ಅವರು ಕಳೆದುಕೊಳ್ಳುವುದು ಏನೂ ಇಲ್ಲ. ಆದರೂ ತಿಳಿಯಬೇಕೆಂದು ನಿರ್ಧರಿಸಿದವರು ಸ್ವಲ್ಪವೇ ಕುಡಿದು ಹೆಚ್ಚು ತಿಳಿಯುವ ದಾರಿ ಹಿಡಿಯಬೇಕು.

## ಹಂತ 2: ಲೆಕ್ಕವನ್ನು ಕಲಿಯಿರಿ

ಬಾಟಲಿಯ ಸಂಖ್ಯೆಯಲ್ಲಿ ಲೆಕ್ಕ ಹಾಕುವುದು ಹೊಸಬರ ಅತಿ ದೊಡ್ಡ ತಪ್ಪು. ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಎಂಬುದೇ ಸರಿಯಾದ ಲೆಕ್ಕ. ಮಿಲಿಲೀಟರನ್ನು ಆಲ್ಕೋಹಾಲಿನ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದುದನ್ನು 0.789ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಶೇ. 5ರ 330 ಮಿ.ಲೀ. ಬಿಯರಿನಲ್ಲಿ ಸುಮಾರು 13 ಗ್ರಾಂ ಇರುತ್ತದೆ. ಶೇ. 8ರ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ಮೂರು ಪಟ್ಟಿಗಿಂತ ಹೆಚ್ಚು. ಇಬ್ಬರೂ "ಒಂದು ಬಿಯರ್ ಕುಡಿದೆ" ಎಂದೇ ಹೇಳುತ್ತಾರೆ. ಅವರ ದೇಹಕ್ಕೆ ಸೇರಿದ್ದು ಮಾತ್ರ ಬೇರೆ ಬೇರೆ.

ಸಾಮಾನ್ಯ ದೇಹದ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನು ಮಾತ್ರ ಕರಗಿಸಬಲ್ಲದು. ಮಜ್ಜಿಗೆ, ನಿಂಬೆ ಶರಬತ್ತು, ಕಡು ಕಾಫಿ, ತಣ್ಣೀರು ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೊದಲ ಐದು ವಾರಗಳಿಗೆ ವಾರಕ್ಕೆ ಒಂದು ಸಂಜೆ, ಒಂದು ಸಂಜೆಗೆ ಒಂದೇ ಬಗೆ, ತಲೆಗೆ ಹೆಚ್ಚೆಂದರೆ 150 ಮಿ.ಲೀ. ಎಂಬ ಮಿತಿ ಇಟ್ಟಿದ್ದೇನೆ. ಶೇ. 5ರ ಬಿಯರಾದರೆ ಅದರಲ್ಲಿರುವುದು ಸುಮಾರು 6 ಗ್ರಾಂ. 330 ಮಿ.ಲೀ.ನ ಒಂದು ಬಾಟಲಿಯನ್ನು ಇಬ್ಬರು ಹಂಚಿಕೊಂಡರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಗಾಡಿಯ ಕೀಲಿಕೈಯನ್ನು ಆ ಸಂಜೆ ಮುಟ್ಟಬೇಡಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, 6 ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಆಗುಂಬೆ, ಹುಲಿಕಲ್ ಘಾಟಿಯ ತಿರುವಿನಲ್ಲಿ ಮಳೆ, ಮಂಜು ಸೇರಿದಾಗ ಕುಡಿಯದವನ ಕಣ್ಣೇ ಸೋಲುತ್ತದೆ.

## ಹಂತ 3: ಬಾಟಲಿ ತರುವ ಮೊದಲು ಮೂಗನ್ನು ಅಡುಗೆಮನೆಯಲ್ಲಿ ಹದಗೊಳಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಮತ್ತು ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆಯೇ. ನಾಲಿಗೆ ತಿಳಿಸುವುದು ಸಿಹಿ, ಹುಳಿ, ಉಪ್ಪು, ಕಹಿ ಮುಂತಾದ ಕೆಲವನ್ನು ಮಾತ್ರ; ರುಚಿಯೆಂದು ನಾವು ಕರೆಯುವ ಉಳಿದದ್ದೆಲ್ಲ ಮೂಗಿನ ಕೆಲಸ. ವಾಸನೆಗೆ ಹೆಸರಿಲ್ಲದಿದ್ದರೆ ಮನಸ್ಸು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ವಿದೇಶದ ಪುಸ್ತಕಗಳು ಕೊಡುವ ಹೆಸರುಗಳು ನಮ್ಮ ನೆನಪಿನಲ್ಲಿಲ್ಲದ ಹಣ್ಣುಗಳವು. ಆದರೆ ಬಿಯರಿನಲ್ಲಿರುವ ಮುಖ್ಯ ಪರಿಮಳಗಳೆಲ್ಲ ಮಲೆನಾಡಿನ ಮನೆಯಲ್ಲಿ ಈಗಾಗಲೇ ಇವೆ.

ಆರು ಸಣ್ಣ ಬಟ್ಟಲು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಮೊಳಕೆ ಕಟ್ಟಿ ಹುರಿದ ರಾಗಿ ಹಿಟ್ಟನ್ನು ಹಾಕಿ. ಬಾರ್ಲಿಯಿಂದ ಮಾಲ್ಟ್ ತಯಾರಾಗುವುದೂ ಇದೇ ರೀತಿ: ಕಾಳನ್ನು ನೆನೆಸಿ ಮೊಳಕೆ ಬರಿಸಿ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟಿದ ಹೊತ್ತಿಗೆ ಬಿಸಿಗಾಳಿಯಲ್ಲಿ ಒಣಗಿಸಿ ಬೆಳವಣಿಗೆಯನ್ನು ನಿಲ್ಲಿಸುತ್ತಾರೆ. ಎರಡನೆಯದರಲ್ಲಿ ಜೋನಿ ಬೆಲ್ಲ. ಕೆಂಪು ಬಣ್ಣದ ಬಿಯರುಗಳಲ್ಲಿ ಬರುವ ಪಾಕದ ಘಮ ಇದಕ್ಕೆ ಬಹಳ ಹತ್ತಿರ. ಮೂರನೆಯದರಲ್ಲಿ ಚಿಕೋರಿ ಬೆರೆಸದ, ಕಡುವಾಗಿ ಹುರಿದ ಕಾಫಿ ಪುಡಿ. ಅಂಗಡಿಯ ಪುಡಿಯಲ್ಲಿ ಚಿಕೋರಿ ಸೇರಿರುವುದು ಸಾಮಾನ್ಯವಾದ್ದರಿಂದ ಕೇಳಿಯೇ ತನ್ನಿ. ನಾಲ್ಕನೆಯದರಲ್ಲಿ ಚೆನ್ನಾಗಿ ಕಳಿತ ಬಾಳೆಹಣ್ಣಿನ ಎರಡು ಹೋಳು, ಜಜ್ಜಿದ ಒಂದು ಲವಂಗ. ಐದನೆಯದರಲ್ಲಿ ಕುಟ್ಟಿದ ಕೊತ್ತಂಬರಿ ಬೀಜ, ಕಿತ್ತಳೆಯ ಹಸಿ ಸಿಪ್ಪೆ. ಆರನೆಯದರಲ್ಲಿ ಚಕ್ಕೋತದ ಅಥವಾ ಕಂಚಿಕಾಯಿಯ ಸಿಪ್ಪೆಯನ್ನು ಬೆರಳಿನಿಂದ ಚಿವುಟಿ ಹಾಕಿ.

ಕಣ್ಣು ಮುಚ್ಚಿಕೊಂಡು ಮನೆಯವರ ಕೈಯಿಂದ ಬಟ್ಟಲುಗಳನ್ನು ಕ್ರಮ ತಪ್ಪಿಸಿ ಹಿಡಿಸಿಕೊಳ್ಳಿ. ಒಮ್ಮೆ ದೀರ್ಘವಾಗಿ ಎಳೆಯುವ ಬದಲು ಮೂರು ನಾಲ್ಕು ಸಣ್ಣ ಉಸಿರು ಎಳೆದರೆ ಮೂಗು ಬೇಗ ದಣಿಯುವುದಿಲ್ಲ. ಆರರಲ್ಲಿ ಐದನ್ನು ತಪ್ಪಿಲ್ಲದೆ ಹೇಳುವವರೆಗೆ ಎರಡು ಮೂರು ಸಂಜೆ ಇದನ್ನೇ ಮಾಡಿ. ಮಕ್ಕಳೂ ಹಿರಿಯರೂ ಜೊತೆ ಸೇರಬಹುದಾದ ಅಭ್ಯಾಸ ಇದು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಬೇಗ ಗುರುತಿಸಿದವರು ಮದ್ಯವನ್ನು ಎಂದೂ ಮುಟ್ಟದ ನಮ್ಮ ಅತ್ತೆ, ಏಕೆಂದರೆ ಮಸಾಲೆ ಹುರಿಯುವಾಗ ಹದವನ್ನು ಮೂಗಿನಿಂದಲೇ ನೋಡುವ ರೂಢಿ ಅವರದು.

ಇದಾದ ಮೇಲೆ ಮೂರು ರುಚಿಗಳನ್ನು ಬೇರೆ ಬೇರೆಯಾಗಿ ಗುರುತಿಸುವುದನ್ನು ಕಲಿಯಬೇಕು. ಹೊಸಬರು ಕಹಿ, ಹುಳಿ, ಒಗರು ಮೂರನ್ನೂ "ಕಹಿ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಾಗಲಕಾಯಿಯ ರಸ ಒಂದು ಹನಿ, ಮುರುಗಲು ನೆನೆಸಿದ ನೀರು ಒಂದು ಚಮಚ, ಬಹಳ ಹೊತ್ತು ಕುದಿಸಿದ ಹಾಲಿಲ್ಲದ ಚಹಾ ಒಂದು ಚಮಚ: ನಡುವೆ ನೀರು ಕುಡಿಯುತ್ತ ಇವನ್ನು ಒಂದಾದ ಮೇಲೊಂದು ನಾಲಿಗೆಗೆ ಹಾಕಿಕೊಳ್ಳಿ. ಕಹಿ ನುಂಗಿದ ಮೇಲೆ ಗಂಟಲಿನ ಬಳಿ ಉಳಿಯುತ್ತದೆ, ಹುಳಿ ಬಾಯಲ್ಲಿ ನೀರೂರಿಸುತ್ತದೆ, ಒಗರು ಬಾಯಿಯನ್ನು ಒಣಗಿಸಿ ಬಿಗಿಯುತ್ತದೆ. ಅಡಿಕೆ ಬೇಯಿಸುವ ಊರಿನಲ್ಲಿ ಚೊಗರನ್ನು ಕಂಡು ಬೆಳೆದವರಿಗೆ ಒಗರೆಂದರೇನೆಂದು ವಿವರಿಸಬೇಕಾಗಿಲ್ಲ.

## ಹಂತ 4: ಬೇಕಾಗುವ ಸಾಮಾನು

ಬಣ್ಣವಿಲ್ಲದ, ತೆಳುವಾದ ಎರಡು ಗಾಜಿನ ಲೋಟ ಸಾಕು. ಬಾಯಿ ಸ್ವಲ್ಪ ಒಳಕ್ಕೆ ಬಾಗಿದ್ದರೆ ಪರಿಮಳ ನಿಲ್ಲುತ್ತದೆ. ಸ್ಟೀಲ್ ಲೋಟದಲ್ಲಿ ಬಣ್ಣವೂ ನೊರೆಯೂ ಕಾಣದು. ಮುಚ್ಚಳ ತೆಗೆಯುವ ಓಪನರ್, ಕುಡಿಯುವ ನೀರು, ಬಿಳಿ ಹಾಳೆ, ಒಂದು ನೋಟ್ ಪುಸ್ತಕ ಮತ್ತು ಒಗ್ಗರಣೆ ಹಾಕದ ಸಾದಾ ಮಂಡಕ್ಕಿ. ಮಂಡಕ್ಕಿ ನಾಲಿಗೆಯನ್ನು ಒರೆಸಿದಂತೆ ಶುಚಿ ಮಾಡುತ್ತದೆ, ತನ್ನ ರುಚಿಯನ್ನು ಬಾಯಲ್ಲಿ ಉಳಿಸಿ ಹೋಗುವುದಿಲ್ಲ.

ಲೋಟವನ್ನು ತೊಳೆಯುವುದು ಸಣ್ಣ ಕೆಲಸದಂತೆ ಕಂಡರೂ ಬಿಯರ್ ಕೆಡುವುದು ಅಲ್ಲಿಯೇ. ಪಾತ್ರೆ ಸೋಪಿನ ಅಂಶವೋ ಎಣ್ಣೆಯ ಪಸೆಯೋ ಉಳಿದಿದ್ದರೆ ನೊರೆ ಕ್ಷಣದಲ್ಲಿ ಇಳಿಯುತ್ತದೆ. ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಿ. ಬಿಯರ್ ಸುರಿದಾಗ ಲೋಟದ ಪಕ್ಕಕ್ಕೆ ಗುಳ್ಳೆಗಳು ಗುಂಪಾಗಿ ಅಂಟಿ ನಿಂತರೆ ಅಲ್ಲಿ ಕೊಳೆ ಇದೆ ಎಂದರ್ಥ.

## ಹಂತ 5: ಕೊಳ್ಳುವಾಗ ಚೀಟಿಯನ್ನು ಓದಿ

ಎಂಆರ್‌ಪಿ ಮಳಿಗೆಗೋ ಎಂಎಸ್‌ಐಎಲ್ ಮಳಿಗೆಗೋ ಹೋದಾಗ ಹೆಸರಿಗಿಂತ ಮೊದಲು ಮೂರು ಸಂಗತಿ ನೋಡಿ: ತಯಾರಾದ ದಿನಾಂಕ, ಆಲ್ಕೋಹಾಲಿನ ಶೇಕಡಾವಾರು, ಬಿಯರಿನ ಬಗೆ. ಬಿಯರ್ ಇಟ್ಟಷ್ಟೂ ಮಾಗುವ ಪದಾರ್ಥವೆಂಬ ನಂಬಿಕೆ ಇಲ್ಲಿ ಹೇಳುವ ಬಗೆಗಳ ಮಟ್ಟಿಗೆ ತಪ್ಪು. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ಸ್ ಹೂವಿನ ಪರಿಮಳ ಎಲ್ಲಕ್ಕಿಂತ ಮೊದಲು ಹೊರಟುಹೋಗುತ್ತದೆ. ಗೋಧಿ ಬಿಯರ್ ಮತ್ತು ಐಪಿಎಗಳನ್ನು ತಯಾರಾದ ಎರಡು ಮೂರು ತಿಂಗಳೊಳಗೆ ಕುಡಿಯುವುದು ಒಳ್ಳೆಯದು. ಬಿಕರಿ ಕಡಿಮೆ ಇರುವ ಊರುಗಳಲ್ಲಿ ಇಂತಹ ಬಾಟಲಿಗಳು ತಿಂಗಳುಗಟ್ಟಲೆ ಕೂರುವುದರಿಂದ, "ಅಣ್ಣಾ, ತಾರೀಖು ಒಂದು ಸಲ ತೋರಿಸಿ" ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಭಾರತದ ಆಹಾರ ಸುರಕ್ಷತಾ ಮಾನದಂಡದಲ್ಲಿ ಶೇ. 5ಕ್ಕಿಂತ ಹೆಚ್ಚು, ಶೇ. 8ರವರೆಗಿನ ಬಿಯರೆಲ್ಲವೂ ಸ್ಟ್ರಾಂಗ್ ಎಂಬ ಗುಂಪಿಗೇ ಸೇರುತ್ತದೆ. ಹಾಗಾಗಿ ಏಲ್ ಎಂಬ ಬಗೆಯ ಶೇ. 5.5ರ ಸೌಮ್ಯ ಬಿಯರಿನ ಮೇಲೂ ಆ ಮಾತು ಇರಬಹುದು, ಶೇ. 8ರ ಬಾಟಲಿಯ ಮೇಲೂ ಇರಬಹುದು. ಪದವನ್ನು ಬಿಟ್ಟು ಅಂಕಿಯನ್ನು ಓದಿ. ಚೀಟಿಯಲ್ಲಿ ಐಬಿಯು ಎಂದಿದ್ದರೆ ಅದು ಕಹಿಯ ಅಳತೆ. ಆದರೆ ಮಾಲ್ಟಿನ ಸಿಹಿ ಹೆಚ್ಚಿದ್ದರೆ ಅದೇ ಅಂಕಿಯ ಕಹಿ ನಾಲಿಗೆಗೆ ಕಡಿಮೆ ಎನಿಸುತ್ತದೆ, ಉಪ್ಪಿನಕಾಯಿಯ ಉಪ್ಪನ್ನು ಬೆಲ್ಲ ತಗ್ಗಿಸಿದ ಹಾಗೆ.

## ಹಂತ 6: ತರುವುದು, ಇಡುವುದು, ತಂಪು ಮಾಡುವುದು

ಹಾಪ್ಸಿನ ಕಹಿ ಅಂಶದ ಮೇಲೆ ಬಿಸಿಲು ಬಿದ್ದರೆ ನಿಮಿಷಗಳಲ್ಲೇ ಗಂಧಕದ ಸಂಯುಕ್ತವೊಂದು ಹುಟ್ಟಿ ಪುನುಗಿನಂತಹ ದುರ್ವಾಸನೆ ಬರುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಣ್ಣವಿಲ್ಲದ ಗಾಜು ತಡೆಯುವುದಿಲ್ಲ, ಕ್ಯಾನಿನಲ್ಲಿ ಈ ಭಯವೇ ಇಲ್ಲ. ನಿಲ್ಲಿಸಿದ ಕಾರಿನ ಹಿಂದಿನ ಗಾಜಿನ ಬಳಿ ಬಾಟಲಿ ಇಡಬೇಡಿ; ಗೋಣಿಚೀಲ ಅಥವಾ ದಪ್ಪ ಟವೆಲ್ ಸುತ್ತಿ ತನ್ನಿ.

ಮನೆಯಲ್ಲಿ ಫ್ರಿಜ್ಜಿನೊಳಗೆ ನೆಟ್ಟಗೆ ನಿಲ್ಲಿಸಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಕಡೆಯವರು ಆ ತಿಂಗಳುಗಳಲ್ಲಿ ಬಿಯರ್ ಕೂಡಿಡದೆ, ಕುಡಿಯುವ ದಿನವೇ ತರುವುದು ಲೇಸು. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಸಿಡಿಯುತ್ತದೆ.

ತಂಪು ಎಷ್ಟಿರಬೇಕೆಂಬುದು ಬಗೆಯನ್ನು ಅವಲಂಬಿಸಿದೆ (ಬಗೆಗಳ ಪರಿಚಯ ಹಂತ 9ರಲ್ಲಿದೆ). ಲಾಗರಿಗೆ 4ರಿಂದ 7 ಡಿಗ್ರಿ ಸೆಲ್ಸಿಯಸ್, ಗೋಧಿ ಬಿಯರಿಗೆ 5ರಿಂದ 8, ಪೇಲ್ ಏಲ್ ಮತ್ತು ಐಪಿಎಗೆ 7ರಿಂದ 12, ಸ್ಟೌಟಿಗೆ 10ರಿಂದ 13. ಥರ್ಮಾಮೀಟರ್ ಬೇಕಿಲ್ಲ. ಲಾಗರನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿಯಿರಿ, ಏಲುಗಳನ್ನು 10 ನಿಮಿಷ ಹೊರಗಿಡಿ, ಸ್ಟೌಟನ್ನು 20 ನಿಮಿಷ ಇಡಿ. ಅತಿ ತಂಪಿನಲ್ಲಿ ಪರಿಮಳ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಕೊನೆಗೆ ಉಳಿಯುವುದು ಕಹಿಯೊಂದೇ.

ಜೋಗದ ಬಂಡೆ, ಶರಾವತಿಯ ಹಿನ್ನೀರು, ಕೊಡಚಾದ್ರಿಯ ದಾರಿಗೆ ಬಾಟಲಿ ಒಯ್ಯಬೇಡಿ. ಒಡೆದ ಗಾಜು ಕಾಡುಪ್ರಾಣಿಗಳ ಕಾಲನ್ನೂ ಗದ್ದೆಗಿಳಿಯುವವರ ಕಾಲನ್ನೂ ಸೀಳುವುದನ್ನು ನೋಡಿದವರು ಮತ್ತೆ ಆ ಕೆಲಸ ಮಾಡಲಾರರು.

## ಹಂತ 7: ಸುರಿಯುವ ಕ್ರಮ

ಲೋಟವನ್ನು 45 ಡಿಗ್ರಿಯಷ್ಟು ಓರೆ ಹಿಡಿದು ಪಕ್ಕದ ಗೋಡೆಯ ಮೇಲೆ ಬಿಯರ್ ಜಾರುವಂತೆ ಸುರಿಯಿರಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದ ಮೇಲೆ ಲೋಟವನ್ನು ನೆಟ್ಟಗೆ ಮಾಡಿ ನಡುವಿಗೆ ಸುರಿದರೆ ಎರಡು ಮೂರು ಸೆಂಟಿಮೀಟರ್ ನೊರೆ ಏಳುತ್ತದೆ. ನೊರೆ ಇಲ್ಲದಂತೆ ಸುರಿಯುವುದೇ ಜಾಣತನವೆಂಬ ಭಾವನೆ ವ್ಯಾಪಕವಾಗಿದೆ, ಆದರೆ ಅದು ತಪ್ಪು: ಪರಿಮಳ ಮೂಗಿಗೆ ತಲುಪುವುದು ನೊರೆಯ ಮೂಲಕ, ಮತ್ತು ಲೋಟದಲ್ಲಿ ಹೊರಬರದ ಅನಿಲ ಹೊಟ್ಟೆಯೊಳಗೆ ಹೊರಬಂದು ಉಬ್ಬರಿಸುತ್ತದೆ. ಗೋಧಿ ಬಿಯರಿನ ತಳದಲ್ಲಿ ಗಸಿ ಇದ್ದರೆ ಅದು ಬಿಯರನ್ನು ಹುದುಗಿಸುವ ಯೀಸ್ಟ್. ಕೊನೆಯ ಒಂದಿಷ್ಟನ್ನು ಬಾಟಲಿಯಲ್ಲೇ ಮೆಲ್ಲಗೆ ತಿರುಗಿಸಿ ಗಸಿಯ ಸಮೇತ ಸುರಿಯಿರಿ.

## ಹಂತ 8: ರುಚಿ ನೋಡುವ ಕ್ರಮ

ಊಟವಾಗಿ ಒಂದು ಗಂಟೆಯಾಗಿರಲಿ. ಅಕ್ಕಿರೊಟ್ಟಿಯೋ ಕಡುಬೋ ಹೊಟ್ಟೆಯಲ್ಲಿದ್ದರೆ ಆಲ್ಕೋಹಾಲ್ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಎಲೆಯಡಿಕೆಯನ್ನು ಮಾತ್ರ ಆ ಸಂಜೆ ಬಿಡಲೇಬೇಕು. ನಾನು ಮೊದಲ ಬಾರಿ ಒಳ್ಳೆಯ ಬಿಯರ್ ರುಚಿ ನೋಡಿದ್ದು ಮದುವೆ ಊಟ ಮುಗಿಸಿ ಕವಳ ಹಾಕಿಕೊಂಡ ಮೇಲೆ. ಅಡಿಕೆಯ ಒಗರು ಮತ್ತು ಸುಣ್ಣ ಸೇರಿ ನಾಲಿಗೆ ಏನನ್ನೂ ಹಿಡಿಯದೆ, ಆ ಬಗೆಯ ಬಿಯರನ್ನೇ ಎರಡು ವರ್ಷ ದೂರವಿಟ್ಟೆ. ಬೀಡಿ, ಗುಟ್ಕಾ, ಅತ್ತರು, ಉರಿಯುತ್ತಿರುವ ಊದಿನಕಡ್ಡಿ ಎಲ್ಲವೂ ಇದೇ ಸಾಲಿಗೆ ಸೇರುತ್ತವೆ.

ಮೊದಲು ಬಿಳಿ ಹಾಳೆಯ ಮುಂದೆ ಲೋಟ ಹಿಡಿದು ಬಣ್ಣ ನೋಡಿ. ಆಮೇಲೆ ಲೋಟವನ್ನು ಒಂದು ಸುತ್ತು ತಿರುಗಿಸಿ ಸಣ್ಣ ಉಸಿರುಗಳಲ್ಲಿ ಮೂಸಿ, ಆರು ಬಟ್ಟಲುಗಳಲ್ಲಿ ಯಾವುದು ನೆನಪಾಗುತ್ತದೆ ಎಂದು ಕೇಳಿಕೊಳ್ಳಿ. ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ನಾಲಿಗೆಯನ್ನು ಒಗ್ಗಿಸುವುದಕ್ಕೆ ಮಾತ್ರ. ಎರಡನೆಯ ಗುಟುಕನ್ನು ನಾಲಿಗೆಯ ಎಲ್ಲ ಕಡೆ ಹರಡಿ, ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಪರಿಮಳದ ಮುಖ್ಯ ಭಾಗ ತಿಳಿಯುವುದು ಈ ಹೊರಹೋಗುವ ಉಸಿರಿನಲ್ಲಿ. ಬಿಯರನ್ನು ಉಗುಳಿದರೆ ಗಂಟಲ ಬಳಿಯ ಕಹಿ ಪೂರ್ತಿ ತಿಳಿಯದೆಂಬುದು ನಿಜ, ಆದರೂ ಕುಡಿಯುವುದು ಬೇಡವೆನಿಸಿದವರು ಉಗುಳಬಹುದು. ಕಲಿಕೆಯ ಹೆಚ್ಚಿನ ಪಾಲು ಆಗಲೂ ಉಳಿಯುತ್ತದೆ.

ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ: ಕಂಡದ್ದು, ಮೂಸಿದ್ದು, ನುಂಗುವ ಮೊದಲಿನ ರುಚಿ, ನುಂಗಿದ ನಂತರ ಉಳಿದದ್ದು. "ಚೆನ್ನಾಗಿದೆ", "ಚೆನ್ನಾಗಿಲ್ಲ" ಎಂಬ ಮಾತುಗಳನ್ನು ಮೊದಲ ತಿಂಗಳು ಬರೆಯದಿರುವುದು ಉತ್ತಮ. ಅದೇ ಲೋಟವನ್ನು 15 ನಿಮಿಷದ ನಂತರ ಮತ್ತೊಮ್ಮೆ ಮೂಸಿ. ತಂಪು ಇಳಿದಂತೆ ಮೊದಲು ಕಾಣದ ಪರಿಮಳ ಕಾಣಿಸುತ್ತದೆ.

## ಹಂತ 9: ಐದು ವಾರಗಳ ಸರದಿ

ಮೊದಲ ವಾರ, ಗೋಧಿ ಬಿಯರ್. ಇದರ ಕಹಿ ಬಹಳ ಕಡಿಮೆ, 8ರಿಂದ 20 ಐಬಿಯು ಒಳಗೆ, ಆಲ್ಕೋಹಾಲ್ ಶೇ. 5ರ ಆಸುಪಾಸು. ಇದರಲ್ಲಿ ಎರಡು ಮುಖ್ಯ ಕವಲುಗಳಿವೆ. ಜರ್ಮನಿಯ ಹೆಫೆವೈಜನಿನಲ್ಲಿ ಬಾಳೆಹಣ್ಣು ಮತ್ತು ಲವಂಗದ ಘಮ ಇರುತ್ತದೆ. ಅದಕ್ಕೆ ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಹಾಕಿರುವುದಿಲ್ಲ. ಹುದುಗುವಾಗ ಯೀಸ್ಟ್ ತಾನೇ ಐಸೊಅಮೈಲ್ ಅಸಿಟೇಟ್ ಎಂಬ ಸಂಯುಕ್ತವನ್ನು ಹುಟ್ಟಿಸುತ್ತದೆ, ನಮ್ಮ ತೋಟದ ಬಾಳೆಹಣ್ಣಿನ ವಾಸನೆಯಲ್ಲಿ ಇರುವುದೂ ಅದೇ. ಬೆಲ್ಜಿಯಂ ಮಾದರಿಯ ವಿಟ್ ಬಿಯರಿಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೇ ಹಾಕುತ್ತಾರೆ. ಬೀರಾ 91 ವೈಟ್, ಬೆಂಗಳೂರಿನ ಗೈಸ್ಟ್ ಕಂಪನಿಯ ವಿಟ್ಟಿ ವಿಟ್ ಈ ಕವಲಿಗೆ ಹತ್ತಿರದವು. ನಾಲ್ಕನೆಯ ಅಥವಾ ಐದನೆಯ ಬಟ್ಟಲು ಲೋಟದಲ್ಲಿ ಮತ್ತೆ ಸಿಕ್ಕಾಗ ಆಗುವ ಸಂತೋಷವೇ ಮುಂದಿನ ವಾರಗಳಿಗೆ ಬೇಕಾದ ಬಲ.

ಎರಡನೆಯ ವಾರ, ಲಾಗರ್ ಅಥವಾ ಅದರದೇ ಒಂದು ಬಗೆಯಾದ ಪಿಲ್ಸ್ನರ್. ಏಲ್ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿಯಲ್ಲಿ ಹುದುಗಿದರೆ ಲಾಗರ್ ಯೀಸ್ಟ್ 7ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿ, ನಂತರ ವಾರಗಟ್ಟಲೆ ಇನ್ನೂ ತಂಪಿನಲ್ಲಿ ಕೂರುತ್ತದೆ. ಹಾಗಾಗಿ ಹಣ್ಣಿನ ಘಮ ಇದರಲ್ಲಿ ಇರುವುದಿಲ್ಲ, ಹುರಿದ ಧಾನ್ಯದ ಮೆಲುವಾಸನೆ ಮಾತ್ರ ಉಳಿಯುತ್ತದೆ. ಸಪ್ಪೆ ಎಂದು ತಳ್ಳಿಹಾಕುವ ಮೊದಲು ಮೊದಲ ಬಟ್ಟಲಿನ ರಾಗಿ ಹಿಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಮೂಸಿ.

ಮೂರನೆಯ ವಾರ, ಸ್ಟೌಟ್. ಬಹಳ ಮಂದಿ ಇದನ್ನು ಕೊನೆಗೆ ಇಡುತ್ತಾರೆ. ನಾನು ನಡುವಿಗೆ ತರುತ್ತೇನೆ, ಏಕೆಂದರೆ ಕಾಫಿ ಬೆಳೆಯುವ ನಾಡಿನವರಿಗೆ ಹುರಿದ ಕಹಿ ಹೊಸದಲ್ಲ. ಕಪ್ಪು ಬಣ್ಣ ನೋಡಿ ಆಲ್ಕೋಹಾಲ್ ಹೆಚ್ಚೆಂದು ತಿಳಿಯುವುದು ತಪ್ಪು. ಬಣ್ಣ ಬರುವುದು ಕಡುವಾಗಿ ಹುರಿದ ಬಾರ್ಲಿಯಿಂದ, ಮತ್ತು ಐರಿಷ್ ಮಾದರಿಯ ಡ್ರೈ ಸ್ಟೌಟಿನಲ್ಲಿ ಆಲ್ಕೋಹಾಲ್ ಶೇ. 4ರಿಂದ 5 ಮಾತ್ರ. ಇಂಪೀರಿಯಲ್ ಎಂಬ ಮಾತು ಸೇರಿದ್ದರೆ ಆಲ್ಕೋಹಾಲ್ ಬಹಳ ಏರಿರುತ್ತದೆ, ಅದನ್ನು ಬಿಡಿ. ಜೋನಿ ಬೆಲ್ಲ ಸವರಿದ ದೋಸೆಯ ಒಂದು ತುಂಡು ತಿಂದು ಒಂದು ಗುಟುಕು ಕುಡಿದರೆ ಹುರಿದ ಕಹಿಯ ಹಿಂದೆ ಅಡಗಿರುವ ಸಿಹಿ ಎದ್ದು ಬರುತ್ತದೆ.

ನಾಲ್ಕನೆಯ ವಾರ, ಪೇಲ್ ಏಲ್. ಹಾಪ್ಸ್ ಮುಂದೆ ಬರುವುದು ಇಲ್ಲಿಂದ. ಅಮೆರಿಕದ ಮಾದರಿಯಲ್ಲಿ 30ರಿಂದ 50 ಐಬಿಯು. ಹಾಪ್ಸನ್ನು ಬಹಳ ಹೊತ್ತು ಕುದಿಸಿದರೆ ಕಹಿ ಹೆಚ್ಚು ಹೊರಬರುತ್ತದೆ, ಕೊನೆಗೆ ಹಾಕಿದರೆ ಪರಿಮಳ ಉಳಿಯುತ್ತದೆ. ಕೊತ್ತಂಬರಿ ಸೊಪ್ಪನ್ನು ಸಾರು ಇಳಿಸುವಾಗ ಹಾಕುವ ಕಾರಣವೂ ಇದೇ.

ಐದನೆಯ ವಾರ, ಐಪಿಎ. ಕಹಿ 40ರಿಂದ 70 ಐಬಿಯು, ಆಲ್ಕೋಹಾಲ್ ಶೇ. 5.5ರಿಂದ 7.5. ಪ್ರಮಾಣವನ್ನು 100 ಮಿ.ಲೀ.ಗೆ ಇಳಿಸಿ. ಆರನೆಯ ಬಟ್ಟಲಿನ ಚಕ್ಕೋತ ಇಲ್ಲಿ ಸಿಗುತ್ತದೆ. ಕೆಲವದರಲ್ಲಿ ಮಾವಿನಹಣ್ಣೂ ಇರುತ್ತದೆ. ಖಾರದ ಕೋಳಿ ಸಾರು, ಏಡಿ ಸಾರಿನ ಜೊತೆ ಇದನ್ನು ಕುಡಿಯಬೇಡಿ, ಕಹಿಯೂ ಆಲ್ಕೋಹಾಲೂ ಮೆಣಸಿನ ಉರಿಯನ್ನು ಹೆಚ್ಚಿಸುತ್ತವೆ. ಇಷ್ಟವಾಗದಿದ್ದರೆ ಒತ್ತಾಯವಿಲ್ಲ, ಐದು ವಾರ ಕ್ರಮವಾಗಿ ಬಂದು ಬೇಡವೆನ್ನುವವರ ಮಾತಿಗೆ ಬೆಲೆ ಇದೆ.

ಹುಳಿ ಬಿಯರುಗಳನ್ನು ಈ ಸರದಿಯಲ್ಲಿ ಸೇರಿಸಿಲ್ಲ. ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿಯುವವರಿಗೆ ಅವು ಮುಂದೆ ಸುಲಭವಾಗಿ ಒಲಿಯುತ್ತವೆ.

## ಹಂತ 10: ಕೆಟ್ಟ ಬಿಯರಿನ ಗುರುತು

ಬಗೆಯ ಗುಣಕ್ಕೂ ಕೆಟ್ಟಿರುವುದಕ್ಕೂ ವ್ಯತ್ಯಾಸ ತಿಳಿಯದೆ ಹೊಸಬರು ಹಾಳಾದ ಬಿಯರನ್ನು ಸಹಿಸಿಕೊಂಡು ಕುಡಿಯುತ್ತಾರೆ. ನೆನೆದ ರಟ್ಟಿನ ವಾಸನೆ ಬಂದರೆ ಅದು ಹಳತಾಗಿ ಗಾಳಿ ತಗುಲಿದ ಬಿಯರ್. ಲಾಗರಿನಲ್ಲಿ ಬೆಣ್ಣೆಯ ಜಿಡ್ಡುವಾಸನೆ ಇದ್ದರೆ ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಅದನ್ನು ತೆಗೆದಿದ್ದಾರೆ, ಅಥವಾ ಸೋಂಕು ತಗುಲಿದೆ. ಬೇಯಿಸಿದ ಮೆಕ್ಕೆಜೋಳ ಅಥವಾ ಎಲೆಕೋಸಿನ ವಾಸನೆ ಸರಿಯಾಗಿ ಕುದಿಸದಿರುವುದನ್ನು ಸೂಚಿಸುತ್ತದೆ. ಪುನುಗಿನ ವಾಸನೆ ಬಿಸಿಲಿನದು. ಹುಳಿ ಬಿಯರಲ್ಲದ ಬಿಯರಿನಲ್ಲಿ ವಿನೆಗರ್ ನೆನಪಾದರೆ, ಮುಚ್ಚಳ ತೆಗೆದಾಗ ನೊರೆ ಕಾರಂಜಿಯಂತೆ ಚಿಮ್ಮಿದರೆ, ಸೋಂಕಿನ ಶಂಕೆ ಇಟ್ಟುಕೊಂಡು ಚೆಲ್ಲಿಬಿಡಿ. ದುಡ್ಡು ಕೊಟ್ಟಿದ್ದೇವೆಂದು ಕುಡಿಯುವುದು ಬೇಡ.

## ಹಂತ 11: ಮೈಕ್ರೋಬ್ರೂವರಿಗೆ ಹೋಗುವುದು

ಅಲ್ಲಿಯೇ ತಯಾರಿಸಿ ಅಲ್ಲಿಯೇ ಬಡಿಸುವ ತಾಜಾ ಬಿಯರಿಗಾಗಿ ಬೆಂಗಳೂರಿಗೆ ಹೋಗುವ ಯೋಚನೆ ಐದು ವಾರಗಳ ನಂತರ ಇರಲಿ. ಶಿವಮೊಗ್ಗದಿಂದ ರೈಲಿನಲ್ಲಿ ಹೋಗಿ, ಉಳಿಯುವ ಜಾಗದಿಂದ ಆಟೋ ಅಥವಾ ಮೆಟ್ರೋ ಹಿಡಿಯಿರಿ. ಸ್ವಂತ ಗಾಡಿ ಬೇಡ. ಜನಸಂದಣಿ ಇಲ್ಲದ ವಾರದ ದಿನದ ಮಧ್ಯಾಹ್ನ ಹೋದರೆ ಬಡಿಸುವವರಿಗೆ ವಿವರಿಸಲು ಸಮಯವಿರುತ್ತದೆ. ದೊಡ್ಡ ಮಗ್ ತರಿಸಬೇಡಿ. ಸ್ಯಾಂಪ್ಲರ್ ಎಂದು ಕೇಳಿದರೆ ನಾಲ್ಕೋ ಆರೋ ಸಣ್ಣ ಲೋಟ ಒಟ್ಟಿಗೆ ಬರುತ್ತವೆ. ಒಂದು ಸ್ಯಾಂಪ್ಲರನ್ನು ಇಬ್ಬರು ಹಂಚಿಕೊಂಡು, ತಿಳಿಯಿಂದ ಕಡುವಿನ ಕಡೆಗೆ, ಕಡಿಮೆ ಕಹಿಯಿಂದ ಹೆಚ್ಚಿನ ಕಹಿಯ ಕಡೆಗೆ ಜೋಡಿಸಿಕೊಂಡು, ಪ್ರತಿ ಲೋಟದ ನಂತರ ಅಷ್ಟೇ ನೀರು ಕುಡಿಯಿರಿ. ಪ್ರತಿಯೊಂದರ ಆಲ್ಕೋಹಾಲ್ ಎಷ್ಟೆಂದು ಕೇಳಿ ಪುಸ್ತಕದಲ್ಲಿ ಗ್ರಾಂ ಲೆಕ್ಕ ಬರೆಯಿರಿ, 15 ಗ್ರಾಂ ಮುಟ್ಟಿದಾಗ ನಿಲ್ಲಿಸಿ.

ಜೊತೆಯವರಲ್ಲಿ ಯಾರಾದರೂ ಮಿತಿ ಮೀರಿ, ಎಬ್ಬಿಸಿದರೂ ಏಳದಿದ್ದರೆ, ಉಸಿರು ಬಿಟ್ಟು ಬಿಟ್ಟು ಬರುತ್ತಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದ್ದರೆ ಮಲಗಿ ಎದ್ದರೆ ಸರಿಹೋಗುತ್ತದೆಂದು ಕಾಯಬಾರದು. ವಾಂತಿ ಉಸಿರುನಾಳಕ್ಕೆ ಹೋಗದಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲೇ ಕುಳಿತಿರಿ.

ಊರಿಗೆ ಮರಳಿದ ಮೇಲೆ ನೋಟ್ ಪುಸ್ತಕವನ್ನು ಮೊದಲ ಪುಟದಿಂದ ಓದಿ. ವಾರಕ್ಕೆ ಒಂದು ಸಂಜೆಯೆಂದು ಆರಂಭವಾದದ್ದು ಮೂರು ಸಂಜೆಯಾಗಿದ್ದರೆ, ವಾಸನೆಯ ಸಾಲುಗಳು ಕಡಿಮೆಯಾಗಿ ಲೋಟಗಳ ಎಣಿಕೆ ಮಾತ್ರ ಉಳಿದಿದ್ದರೆ, ನಿದ್ರೆಗಾಗಿಯೋ ಬೇಸರ ಕಳೆಯುವುದಕ್ಕಾಗಿಯೋ ಕುಡಿದದ್ದು ಒಂದು ಸಲವಾದರೂ ಕಂಡರೆ, ಒಂದು ತಿಂಗಳು ಪೂರ್ತಿ ನಿಲ್ಲಿಸಿ. ನಿಲ್ಲಿಸುವುದು ಕಷ್ಟವೆನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.